ಕ್ಲೇ ಬಾರ್ ಉಜ್ಜಿದ ಮೇಲೆ ಮೊದಲೇ ಹಚ್ಚಿದ್ದ ವ್ಯಾಕ್ಸ್ ಉಳಿಯುತ್ತದೆಯೇ?

ಹೊಸಪೇಟೆ_ಸವಾರ:

ಎಲ್ಲರಿಗೂ ನಮಸ್ಕಾರ. ನನ್ನದು ಕಡುನೀಲಿ ಬಣ್ಣದ ಕಾರು. ಮನೆ ರೈಲು ಹಳಿಗೆ ಹತ್ತಿರದಲ್ಲಿದೆ, ಅದಿರು ಲಾರಿಗಳು ಓಡಾಡುವ ರಸ್ತೆಯೂ ದೂರವಿಲ್ಲ. ಶೆಡ್ ಇಲ್ಲದ ಕಾರಣ ಕಾರು ಹಗಲು ರಾತ್ರಿ ಬಯಲಿನಲ್ಲೇ ನಿಲ್ಲುತ್ತದೆ. ದೀಪಾವಳಿಗೆ ಮುಂಚೆ ಕಾರ್ನೌಬಾ ಎಂಬ ಮರದ ಮೇಣವಿರುವ ಪೇಸ್ಟ್ ವ್ಯಾಕ್ಸನ್ನು ಇಡೀ ಕಾರಿಗೆ ಕೈಯಿಂದಲೇ ಹಚ್ಚಿ ಒರೆಸಿದ್ದೆ. ಅನಂತರ ಕೆಲವು ವಾರಗಳವರೆಗೆ ನೀರು ಸುರಿದರೆ ಹನಿಹನಿಯಾಗಿ ಒಡೆದು ಉರುಳಿ ಹೋಗುತ್ತಿತ್ತು. ಈಗ ಬಾನೆಟ್ ಮತ್ತು ರೂಫ್ ಮೇಲೆ ಹನಿಗಳು ಚಪ್ಪಟೆಯಾಗಿ ಹರಡಿಕೊಂಡು ನಿಲ್ಲುತ್ತವೆ; ಬಾಗಿಲುಗಳ ಮೇಲೆ ಮಾತ್ರ ಇನ್ನೂ ಮೊದಲಿನಂತೆಯೇ ಉರುಳುತ್ತವೆ. ತೊಳೆದು ಒರೆಸಿದ ಮೇಲೂ ಬಾನೆಟ್ ಮೇಲೆ ಬೆರಳಾಡಿಸಿದರೆ ತರಿತರಿ ಎನ್ನಿಸುತ್ತದೆ. ನನ್ನ ಕಾರಿನ ಪಕ್ಕದಲ್ಲೇ ನಿಲ್ಲುವ ನೆರೆಮನೆಯವರ ಬಿಳಿ ಕಾರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕಿತ್ತಳೆ ಚುಕ್ಕೆಗಳು ಸ್ಪಷ್ಟವಾಗಿ ಕಾಣುತ್ತವೆ. ನನ್ನ ಕಾರಿನಲ್ಲೂ ಅವೇ ಇರಬೇಕು, ಬಣ್ಣ ಗಾಢವಾದುದರಿಂದ ಕಾಣುತ್ತಿಲ್ಲ ಎಂದುಕೊಂಡಿದ್ದೇನೆ.

ಈ ತರಿಯನ್ನು ತೆಗೆಯಲು ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಉಜ್ಜಿ ತೆಗೆಯುವ ಮುದ್ದೆ, ಬಳಸಬೇಕೆಂದು ಹಲವರು ಹೇಳಿದರು. ಆದರೆ ಕ್ಲೇ ಉಜ್ಜಿದರೆ ಇಷ್ಟು ಶ್ರಮಪಟ್ಟು ಹಚ್ಚಿದ ವ್ಯಾಕ್ಸ್ ಪೂರ್ತಿ ಹೋಗಿಬಿಡುತ್ತದೆಯೇ, ಅಥವಾ ಮೇಲೆ ಕುಳಿತ ಕೊಳೆ ಮಾತ್ರ ಹೋಗಿ ವ್ಯಾಕ್ಸ್ ತನ್ನ ಜಾಗದಲ್ಲಿ ಉಳಿಯುತ್ತದೆಯೇ ಎಂಬುದು ನನಗೆ ಸ್ಪಷ್ಟವಾಗಿಲ್ಲ. ಬಾನೆಟ್ ಮತ್ತು ರೂಫಿಗೆ ಮಾತ್ರ ಕ್ಲೇ ಮಾಡಿ, ಬಾಗಿಲುಗಳನ್ನು ಹಾಗೆಯೇ ಬಿಡಬಹುದೇ? ಕ್ಲೇ ಮಾಡಿದ ಮೇಲೆ ಪಾಲಿಶ್ ಮಾಡಲೇಬೇಕೇ? ಗೆಳೆಯರೊಬ್ಬರು ಕ್ಲೇ ಎಂದರೆ ಕ್ಲಿಯರ್ ಕೋಟನ್ನೇ (ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ) ಸವೆಸುವ ವಸ್ತು ಎಂದು ಎಚ್ಚರಿಸಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.


ಹೊಳಪು_ಬೆಂಗಳೂರು:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೇ ಉಜ್ಜಿದ ಭಾಗದಲ್ಲಿ ಕಾರ್ನೌಬಾ ವ್ಯಾಕ್ಸ್ ನಂಬಬಹುದಾದಷ್ಟು ಉಳಿಯುವುದಿಲ್ಲ. ಆದ್ದರಿಂದ ಅದೇ ದಿನ ಹೊಸದಾಗಿ ವ್ಯಾಕ್ಸ್ ಹಚ್ಚಲು ಸಮಯವಿಲ್ಲದಿದ್ದರೆ ಕ್ಲೇ ಕೆಲಸವನ್ನು ಆರಂಭಿಸಲೇಬೇಡಿ. ಕ್ಲೇ ಮಾಡಿ ಬರಿಯ ಬಣ್ಣವನ್ನು ನಿಮ್ಮೂರಿನ ಬಿಸಿಲಿಗೂ ಧೂಳಿಗೂ ಒಡ್ಡಿ ಬಿಡುವುದಕ್ಕಿಂತ, ತರಿಯಿರುವ ಬಾನೆಟ್ಟನ್ನು ಇನ್ನೊಂದು ವಾರ ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಏಕೆ ಹೋಗುತ್ತದೆ ಎಂಬುದು ಕ್ಲೇ ಏನು ಎಂಬುದನ್ನು ನೋಡಿದರೆ ತಿಳಿಯುತ್ತದೆ. ಇದು ಜೇಡಿಮಣ್ಣಲ್ಲ, ಪಾಲಿಬ್ಯೂಟೀನ್‌ನಂತಹ ಅಂಟು ಗುಣದ ರಾಳದಲ್ಲಿ ಬಹಳ ನುಣ್ಣನೆಯ ಉಜ್ಜುಪುಡಿಯನ್ನು ಕಲೆಸಿ ಮಾಡಿದ ಕೃತಕ ಮುದ್ದೆ. ಜಪಾನಿನ ತಡಾವೊ ಕೊಡಾಟೆ ಅವರಿಗೆ ಇದಕ್ಕಾಗಿ 1995ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಬಣ್ಣದ ಮೇಲೆ ಜಾರುದ್ರವ ಸಿಂಪಡಿಸಿ ಈ ಮುದ್ದೆಯನ್ನು ಆಡಿಸಿದಾಗ ಅದು ಸಮತಟ್ಟಾದ ಜಾಗದಲ್ಲಿ ದ್ರವದ ಪದರದ ಮೇಲೆ ತೇಲಿಕೊಂಡು ಹೋಗುತ್ತದೆ. ಮೇಲೆದ್ದು ನಿಂತಿರುವ ಕಣ ಸಿಕ್ಕಿದ ಕೂಡಲೇ ಅದನ್ನು ಕತ್ತರಿಸಿ ತನ್ನೊಳಗೆ ಸೆಳೆದುಕೊಳ್ಳುತ್ತದೆ. ವ್ಯಾಕ್ಸಿನ ಪದರವಾದರೂ ಎಷ್ಟು ದಪ್ಪವಿರುತ್ತದೆ? ನೀವು ಎಷ್ಟೇ ಬಳಿದರೂ ಹೆಚ್ಚಿನದನ್ನೆಲ್ಲ ಒರೆಸಿ ತೆಗೆದ ಮೇಲೆ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ) ಹೆಚ್ಚು ಉಳಿಯುವುದು ಕಷ್ಟ. ಅದು ಕ್ಲಿಯರ್ ಕೋಟಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದೂ ಇಲ್ಲ, ಮೇಲೆ ಅಂಟಿಕೊಂಡಿರುತ್ತದೆ, ಅಷ್ಟೇ. ಇಂತಹ ಮೆದುವಾದ ಪದರದ ಮೇಲೆ ಉಜ್ಜುಪುಡಿಯ ಮುದ್ದೆ ಹತ್ತಾರು ಬಾರಿ ಹಾದುಹೋದರೆ ಅದು ಕೊಳೆಯ ಜೊತೆಗೇ ಎದ್ದುಬರುತ್ತದೆ. ಕೊಳೆಯನ್ನು ಮಾತ್ರ ಆರಿಸಿಕೊಂಡು ವ್ಯಾಕ್ಸನ್ನು ಬಿಟ್ಟುಬಿಡುವ ಕ್ಲೇ ಯಾವುದೂ ಇಲ್ಲ.

ಆದರೆ ಈ ನಷ್ಟಕ್ಕೆ ನೀವು ಮರುಗಬೇಕಾಗಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ತರಿಯಿರುವ ಬಾನೆಟ್ ಮೇಲೆ ವ್ಯಾಕ್ಸ್ ಇದ್ದರೂ ಅದು ಒಂದೇ ಸಮನಾದ ಪದರವಾಗಿ ಇರುವುದಿಲ್ಲ. ಬಣ್ಣದಲ್ಲಿ ನಾಟಿಕೊಂಡ ಕಬ್ಬಿಣದ ಕಣಗಳು ವ್ಯಾಕ್ಸಿನ ಪದರಕ್ಕಿಂತ ಎಷ್ಟೋ ಪಟ್ಟು ಎತ್ತರವಿರುತ್ತವೆ. ಪ್ರತಿಯೊಂದು ಕಣದ ಸುತ್ತಲೂ ಪದರ ಹರಿದಿರುತ್ತದೆ, ಆ ಸಂದಿಯಲ್ಲಿ ನೀರು ನಿಲ್ಲುತ್ತದೆ, ಕಣ ತುಕ್ಕು ಹಿಡಿದು ಉಬ್ಬುತ್ತದೆ. ಅದರ ಮೇಲೆ ಮತ್ತೆ ಮತ್ತೆ ವ್ಯಾಕ್ಸ್ ಬಳಿಯುವುದರಿಂದ ಹೊಳಪು ಸ್ವಲ್ಪ ಬರಬಹುದು, ರಕ್ಷಣೆ ಬರುವುದಿಲ್ಲ. ಹೊಸ ವ್ಯಾಕ್ಸ್ ಹೆಚ್ಚು ಕಾಲ ನಿಲ್ಲಬೇಕಾದರೆ ಅದಕ್ಕೆ ಶುದ್ಧವಾದ ಕ್ಲಿಯರ್ ಕೋಟೇ ಸಿಗಬೇಕು. ನಿಮ್ಮ ಬಾನೆಟ್ ಮೇಲಿನ ವ್ಯಾಕ್ಸ್ ಹೇಗೂ ಕೊನೆಯ ಹಂತದಲ್ಲಿದೆ. ಕಾರ್ನೌಬಾ ಪೇಸ್ಟ್ ಬಯಲಿನಲ್ಲಿ ನಿಲ್ಲುವ ಕಾರಿನ ಮೇಲೆ ಒಂದೆರಡು ತಿಂಗಳಿಗಿಂತ ಹೆಚ್ಚು ಬಾಳುವುದು ಅಪರೂಪ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳಿಂದ ಸಿಗುವ ಈ ಮೇಣ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ ಎಂಬುದು ನಿಜವಾದರೂ, ಡಬ್ಬಿಯಲ್ಲಿರುವುದು ಶುದ್ಧ ಕಾರ್ನೌಬಾ ಅಲ್ಲ. ಅದರೊಂದಿಗೆ ಜೇನುಮೇಣ, ಪ್ಯಾರಾಫಿನ್, ಎಣ್ಣೆ, ದ್ರಾವಕಗಳು ಸೇರಿರುತ್ತವೆ, ಮತ್ತು ಜೇನುಮೇಣ 65 ಡಿಗ್ರಿಗೂ ಮುಂಚೆಯೇ ಕರಗುವ ವಸ್ತು. ಗಾಢ ಬಣ್ಣದ ಬಾನೆಟ್ ಬೇಸಿಗೆಯ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂಬುದನ್ನು ಕೈಯಿಟ್ಟು ನೋಡಿದವರಿಗೆ ಬೇರೆ ವಿವರಣೆ ಬೇಡ. ಬಾಗಿಲುಗಳಿಗೆ ನೇರ ಬಿಸಿಲೂ ಮೇಲಿನಿಂದ ಬೀಳುವ ಕಣಗಳೂ ಕಡಿಮೆ. ಅಲ್ಲಿ ವ್ಯಾಕ್ಸ್ ಉಳಿದಿರುವುದು ಸಹಜ.

ಇನ್ನು ಕೆಲಸದ ಕ್ರಮ. ಮೊದಲು ಶಾಂಪೂವಿನಿಂದ ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ, ಅಂದರೆ ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಮಿಟ್ (ಕಾರು ತೊಳೆಯುವ ಮೆತ್ತನೆಯ ಕೈಗವಸು) ಜಾಲಿಸಲು ಬರಿಯ ನೀರು. ಆಮೇಲೆ ಐರನ್ ರಿಮೂವರ್ ಸಿಂಪಡಿಸಿ. ಅದರಲ್ಲಿರುವ ಥಯೋಗ್ಲೈಕೋಲೇಟ್ ಕಬ್ಬಿಣದೊಂದಿಗೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೊಳೆತ ಮೊಟ್ಟೆಯನ್ನು ನೆನಪಿಸುವ ವಾಸನೆ ಬರುತ್ತದೆ, ಹೆದರಬೇಡಿ. ಆದರೆ ಕೈಗವಸು ಹಾಕಿಕೊಳ್ಳಿ, ಮತ್ತು ದ್ರವ ಬಣ್ಣದ ಮೇಲೆ ಒಣಗಲು ಬಿಡದೆ ಬಾಟಲಿಯ ಮೇಲೆ ಹೇಳಿರುವ ಸಮಯಕ್ಕೆ ಸರಿಯಾಗಿ ತೊಳೆದುಬಿಡಿ. ರಸ್ತೆಯ ಡಾಂಬರು ಅಂಟಿದ್ದರೆ ಆ ಜಾಗಕ್ಕೆ ಮಾತ್ರ ಟಾರ್ ರಿಮೂವರ್ ಬಳಸಿ, ಏಕೆಂದರೆ ಅದು ದ್ರಾವಕ, ವ್ಯಾಕ್ಸನ್ನು ಖಚಿತವಾಗಿ ತೆಗೆಯುತ್ತದೆ. ಇಷ್ಟಾದ ಮೇಲೆ ಒಂದು ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಣ್ಣದ ಮೇಲೆ ಹಗುರವಾಗಿ ಆಡಿಸಿ. ಬರಿಗೈಗೆ ತಿಳಿಯದ ತರಿಯೂ ಚೀಲದ ಮೂಲಕ ತಿಳಿಯುತ್ತದೆ. ಎಲ್ಲಿ ತರಿಯಿದೆಯೋ ಅಲ್ಲಿಗೆ ಮಾತ್ರ ಕ್ಲೇ, ಅದೂ ಅತ್ಯಂತ ಮೆದುವಾದ ಫೈನ್ ದರ್ಜೆಯದು. ನೆರಳಿನಲ್ಲಿ, ತಣ್ಣಗಿರುವ ಬಣ್ಣದ ಮೇಲೆ, ಒಂದೊಂದು ಬಾರಿಗೆ ಎರಡು ಅಂಗೈ ಅಗಲದ ಜಾಗ ಸಾಕು. ಒತ್ತಬೇಡಿ, ಸುತ್ತಿ ಸುತ್ತಿ ಉಜ್ಜದೆ ಮುಂದಕ್ಕೂ ಹಿಂದಕ್ಕೂ ನೇರವಾಗಿ ಆಡಿಸಿ. ಮುದ್ದೆಯ ಮೇಲ್ಮೈ ಕಂದಿದ ಕೂಡಲೇ ಅದನ್ನು ಮಡಚಿ, ನಾದಿ ಹೊಸ ಮುಖ ತೆಗೆಯಿರಿ. ಮುದ್ದೆ ನೆಲಕ್ಕೆ ಬಿದ್ದರೆ ಅದನ್ನು ಎಸೆಯಲೇಬೇಕು, ತೊಳೆದು ಬಳಸುವ ಆಸೆ ಬೇಡ. ಇದಕ್ಕಾಗಿಯೇ ಹೊಸ ಕ್ಲೇಯನ್ನು ಮೂರು ನಾಲ್ಕು ತುಂಡು ಮಾಡಿಟ್ಟುಕೊಂಡು ಒಂದನ್ನು ಮಾತ್ರ ಕೈಗೆ ತೆಗೆದುಕೊಳ್ಳುವುದು ಒಳ್ಳೆಯದು.

ಬಾಗಿಲುಗಳು ಚೀಲದ ಪರೀಕ್ಷೆಯಲ್ಲಿ ನುಣುಪಾಗಿದ್ದರೆ ಅವನ್ನು ಬಿಟ್ಟುಬಿಡಿ. ಇಡೀ ಕಾರಿಗೆ ಒಂದೇ ದಿನ ಕ್ಲೇ ಮಾಡಲೇಬೇಕೆಂಬ ನಿಯಮವೇನೂ ಇಲ್ಲ.


ಹುಬ್ಬಳ್ಳಿ_ಪೇಂಟ್‌ಬೂತ್:

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಬಣ್ಣ ಹಾಕುವ ಕಡೆಯಿಂದ ನೋಡುವವನಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ, ಒಂದು ಕಡೆ ಭಿನ್ನಾಭಿಪ್ರಾಯವೂ ಇದೆ.

ಹೊಸಪೇಟೆಯವರ ಕಾರಿನ ಮೇಲೆ ಕೂರುವುದು ಒಂದೇ ಬಗೆಯ ಕಬ್ಬಿಣವಲ್ಲ. ಅದಿರಿನ ಕೆಂಪು ಧೂಳು ಹೆಮಟೈಟ್, ಅಂದರೆ ಈಗಾಗಲೇ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಅದು ಬಣ್ಣದೊಳಗೆ ಇಳಿಯುವುದಿಲ್ಲ, ಇನ್ನಷ್ಟು ತುಕ್ಕು ಹಿಡಿಯುವುದೂ ಇಲ್ಲ. ಮೇಲೆ ಕೂತಿರುತ್ತದೆ, ಬಹುಪಾಲು ನೀರಿನಲ್ಲೇ ಹೋಗುತ್ತದೆ. ರೈಲಿನ ಗಾಲಿ, ಹಳಿ, ಬ್ರೇಕುಗಳ ಉಜ್ಜಾಟದಿಂದ ಹಾರುವುದು ಲೋಹದ ರೂಪದ ಕಬ್ಬಿಣ. ಅದು ಬಿಸಿಯಾಗಿ ಬಂದು ಬಿದ್ದು ಕ್ಲಿಯರ್ ಕೋಟಿಗೆ ಕಚ್ಚಿಕೊಳ್ಳುತ್ತದೆ, ಇಬ್ಬನಿ ಬಿದ್ದಾಗ ತುಕ್ಕು ಹಿಡಿಯುತ್ತದೆ. ನೆರೆಮನೆಯ ಬಿಳಿ ಕಾರಿನ ಕಿತ್ತಳೆ ಚುಕ್ಕೆಗಳು ಇವು. ಐರನ್ ರಿಮೂವರ್ ಚೆನ್ನಾಗಿ ಕೆಲಸ ಮಾಡುವುದು ಈ ಎರಡನೆಯದರ ಮೇಲೆ. ಹರಳುಗಟ್ಟಿದ ಹೆಮಟೈಟ್ ಅದಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹೆಮಟೈಟ್ ಬಹಳ ಗಟ್ಟಿಯಾದ ಖನಿಜ, ಮೋಸ್ ಗಡಸುತನದ ಅಳತೆಯಲ್ಲಿ ಸುಮಾರು 5.5ರಿಂದ 6.5. ಕ್ಲಿಯರ್ ಕೋಟು ಎಷ್ಟೆಂದರೂ ಪ್ಲಾಸ್ಟಿಕ್ ಜಾತಿಯದು. ಧೂಳು ಪೂರ್ತಿ ಹೋಗದೆ ಕ್ಲೇ ಹಿಡಿದರೆ ಮುದ್ದೆಯ ಮೈಯಲ್ಲಿ ಈ ಕಣಗಳು ಕೂತುಕೊಂಡು, ನೀವು ಉಜ್ಜಿದಷ್ಟೂ ಕೂದಲೆಳೆಯಂತಹ ಗೀರುಗಳನ್ನು ಎಳೆಯುತ್ತವೆ. ಕಡುನೀಲಿ ಬಣ್ಣದಲ್ಲಿ ಆ ಗೀರುಗಳು ಬಿಸಿಲಿಗೆ ಎದ್ದು ಕಾಣುತ್ತವೆ. ನಿಮ್ಮ ಊರಿನಲ್ಲಿ ಕ್ಲೇಗಿಂತ ತೊಳೆಯುವುದರಲ್ಲೇ ಹೆಚ್ಚು ಜಾಗ್ರತೆ ಬೇಕು. ಬಟ್ಟೆ ಮುಟ್ಟಿಸುವ ಮೊದಲು ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ನೀರು ಹರಿಸಿ. ಆಮೇಲೆ ಫೋಮ್ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ನೀರು ಹರಿಸಿ. ಮಿಟ್ ಹಾಕುವುದು ಅದಾದ ಮೇಲೆಯೇ. ಒಣಗಿದ ಕೆಂಪು ಧೂಳನ್ನು ಬೆಳಿಗ್ಗೆ ಒಣಬಟ್ಟೆಯಿಂದ ಕೊಡವಿ ಒರೆಸುವ ರೂಢಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ, ದಯವಿಟ್ಟು ಅದನ್ನು ನಿಲ್ಲಿಸಿ. ಇಡೀ ವರ್ಷದಲ್ಲಿ ಕ್ಲೇ ಮಾಡುವ ಹಾನಿಗಿಂತ ಆ ಬಟ್ಟೆ ಒಂದು ತಿಂಗಳಲ್ಲಿ ಮಾಡುವ ಹಾನಿ ದೊಡ್ಡದು.

ಗೆಳೆಯರ ಎಚ್ಚರಿಕೆಯ ಬಗ್ಗೆ: ಕಾರ್ಖಾನೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಇರುತ್ತದೆ. ಪ್ರೈಮರ್, ಬಣ್ಣ ಎಲ್ಲ ಸೇರಿದರೂ ಒಟ್ಟು ಹೆಚ್ಚುಕಡಿಮೆ 100ರಿಂದ 140 ಮೈಕ್ರಾನ್, ಅಂದರೆ ಬರೆಯುವ ಕಾಗದದ ಒಂದು ಹಾಳೆಯ ದಪ್ಪದ ಆಸುಪಾಸು. ಫೈನ್ ಕ್ಲೇ, ಸಾಕಷ್ಟು ಜಾರುದ್ರವ, ಹಗುರವಾದ ಕೈ ಇದ್ದರೆ ಕ್ಲಿಯರ್ ಕೋಟು ಅಳೆಯುವಷ್ಟು ಸವೆಯುವುದಿಲ್ಲ. ಸವೆತದ ಭಯ ಇಟ್ಟುಕೊಳ್ಳಬೇಕಾದದ್ದು ಪಾಲಿಶ್ ಬಗ್ಗೆ, ಅದರಲ್ಲೂ ಮೆಷಿನ್ನಿನ ಮೇಲೆ ಒರಟಾದ ಕಾಂಪೌಂಡ್ (ಬಣ್ಣವನ್ನು ಉಜ್ಜಿ ಸವೆಸುವ ಪೇಸ್ಟ್) ಹಾಕಿ ಮಾಡುವ ಪಾಲಿಶ್ ಬಗ್ಗೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ವಸ್ತುಗಳು ಕ್ಲಿಯರ್ ಕೋಟಿನೊಳಗೇ ಇರುತ್ತವೆ, ಈ ವಿಷಯದಲ್ಲಿ ವ್ಯಾಕ್ಸಿನ ಪಾಲು ಚಿಕ್ಕದು. ವರ್ಷಕ್ಕೆ ಎರಡು ಬಾರಿ ಕಾಂಪೌಂಡ್ ಹೊಡೆಸಿ ಮೇಲೆ ದುಬಾರಿ ವ್ಯಾಕ್ಸ್ ಹಚ್ಚುವವರು ನಿಜವಾದ ರಕ್ಷಣೆಯನ್ನು ತಾವೇ ಕೆರೆದು ಹಾಕುತ್ತಿರುತ್ತಾರೆ. ಆದ್ದರಿಂದ ಕ್ಲೇ ಆದ ಮೇಲೆ ಪಾಲಿಶ್ ಕಡ್ಡಾಯವಲ್ಲ. ಬಿಸಿಲಿನಲ್ಲೋ ಮೊಬೈಲಿನ ಟಾರ್ಚ್ ಹಿಡಿದೋ ನೋಡಿ, ಮಬ್ಬು ಅಥವಾ ನವಿರಾದ ಗೀರು ಕಂಡರೆ ಮಾತ್ರ ನುಣುಪಾದ ಫಿನಿಶಿಂಗ್ ಪಾಲಿಶ್ ಮಾಡಿ.

ಭಿನ್ನಾಭಿಪ್ರಾಯ ಇಲ್ಲಿದೆ. ಕ್ಲೇ ತಾಗಿದ ಕೂಡಲೇ ಎಲ್ಲ ರಕ್ಷಣೆಯೂ ಹೋಗುತ್ತದೆ ಎಂಬ ಮಾತನ್ನು ಎಲ್ಲ ಪದರಗಳಿಗೂ ಅನ್ವಯಿಸುವಂತಿಲ್ಲ. ಕಾರ್ನೌಬಾ ವಿಷಯದಲ್ಲಿ ನೀವು ಹೇಳಿದ್ದು ಸರಿ. ಪಾಲಿಮರ್ ಸೀಲೆಂಟ್ (ವ್ಯಾಕ್ಸಿನ ಬದಲು ಹಚ್ಚುವ ಕೃತಕ ರಕ್ಷಣಾ ಪದರ) ಇದ್ದರೆ ಒಂದು ಬಾರಿ ಹಗುರವಾಗಿ ಕ್ಲೇ ಆಡಿಸಿದ ಮೇಲೂ ಅಲ್ಲಲ್ಲಿ ಉಳಿದಿರುತ್ತದೆ. ಸಿಲಿಕಾ ಆಧಾರದ ಸೆರಾಮಿಕ್ ಕೋಟಿಂಗ್ ಕ್ಲಿಯರ್ ಕೋಟಿಗೆ ಬಲವಾಗಿ ಹಿಡಿದುಕೊಂಡು ಗಟ್ಟಿಯಾಗಿರುವುದರಿಂದ ಕ್ಲೇ ಅದನ್ನು ಒಂದೇ ಸಲಕ್ಕೆ ಕಿತ್ತುಹಾಕಲಾರದು. ಆದರೆ ಮೇಲ್ಮೈಯಲ್ಲಿ ಗೀರೆಳೆದು ನೀರು ಜಾರುವ ಗುಣವನ್ನು ಕುಗ್ಗಿಸುತ್ತದೆ. ಹೀಗೆ ಅಲ್ಲಲ್ಲಿ ಉಳಿದ ಪದರದಿಂದ ಪ್ರಯೋಜನ ಕಡಿಮೆ ಎಂಬುದನ್ನು ನಾನೂ ಒಪ್ಪುತ್ತೇನೆ. ಅದರ ಮೇಲೆ ಬೇರೆ ಜಾತಿಯ ವ್ಯಾಕ್ಸ್ ಹಚ್ಚಿದರೆ ಎಲ್ಲ ಕಡೆಯೂ ಒಂದೇ ರೀತಿ ಹಿಡಿಯುವುದಿಲ್ಲ.

ಕೊನೆಯದಾಗಿ, ಯಾವುದಾದರೂ ಭಾಗಕ್ಕೆ ಇತ್ತೀಚೆಗೆ ಮರುಬಣ್ಣ ಹಾಕಿಸಿದ್ದರೆ ಅಲ್ಲಿ ಕ್ಲೇಯೂ ಬೇಡ, ವ್ಯಾಕ್ಸೂ ಬೇಡ. ಬಣ್ಣದ ದ್ರಾವಕ ಪೂರ್ತಿ ಆರಿಹೋಗಲು ಒಂದರಿಂದ ಮೂರು ತಿಂಗಳು ಕೊಡಿ. ನಿಮ್ಮ ಪೇಂಟರ್ ಹೇಳುವ ಅವಧಿಯನ್ನು ಕೇಳಿಕೊಂಡರೆ ಇನ್ನೂ ಒಳ್ಳೆಯದು.


ಹೊಸಪೇಟೆ_ಸವಾರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ಕೆಲಸ ಆರಂಭಿಸಿದೆ. ಐರನ್ ರಿಮೂವರ್ ಹಾಕಿದಾಗ ಬಾನೆಟ್ಟಿನ ತುಂಬ ನೇರಳೆ ಗೆರೆಗಳು ಇಳಿದವು, ರೂಫಿನಲ್ಲಿ ಸ್ವಲ್ಪ ಕಡಿಮೆ, ಬಾಗಿಲುಗಳ ಕೆಳಭಾಗದಲ್ಲಿ ಅಲ್ಲೊಂದು ಇಲ್ಲೊಂದು. ತೊಳೆದ ಮೇಲೆ ಆಶ್ಚರ್ಯವೆಂಬಂತೆ ರೂಫಿನ ಮೇಲೆ ನೀರು ಮತ್ತೆ ಹನಿಗಟ್ಟಿ ಉರುಳಲು ಆರಂಭಿಸಿತು. ಬಾನೆಟ್ ಮೇಲೆ ಮಾತ್ರ ಹಾಗೆಯೇ ಚಪ್ಪಟೆಯಾಗಿ ನಿಂತಿತು. ಚೀಲದ ಪರೀಕ್ಷೆಯಲ್ಲಿ ರೂಫ್ ಬಹುತೇಕ ನುಣುಪು, ಬಾನೆಟ್ ಇನ್ನೂ ತರಿ.

ಬಾನೆಟ್ಟಿನ ಒಂದು ಮೂಲೆಯಲ್ಲಿ ಮಾತ್ರ ಕ್ಲೇ ಮಾಡಿ ನೋಡಿದೆ. ಜಾರುದ್ರವಕ್ಕೆ ಮನೆಯಲ್ಲಿದ್ದ ಸ್ಪ್ರೇ ವ್ಯಾಕ್ಸನ್ನೇ ಬಳಸಿದೆ. ಆ ಜಾಗ ಗಾಜಿನಷ್ಟು ನುಣುಪಾಯಿತು, ನೀರು ಸುರಿದರೆ ಚೆನ್ನಾಗಿ ಹನಿಗಟ್ಟುತ್ತಿದೆ. ಹಾಗಾದರೆ ಅಲ್ಲಿ ಹಳೆಯ ವ್ಯಾಕ್ಸ್ ಉಳಿದಿದೆ ಎಂದು ಅರ್ಥವೇ? ಉಳಿದ ಬಾನೆಟ್ಟಿಗೂ ಇದೇ ರೀತಿ ಮಾಡಿದರೆ ಮತ್ತೆ ವ್ಯಾಕ್ಸ್ ಹಚ್ಚುವ ಕೆಲಸ ತಪ್ಪುತ್ತದೆಯೇ? ಇನ್ನೊಂದು ವಿಷಯ, ಬಾನೆಟ್ ಮೇಲೆ ಬೋರ್‌ವೆಲ್ ನೀರು ಒಣಗಿ ಬಿಟ್ಟ ಬಿಳಿ ಉಂಗುರಗಳಿವೆ. ಕ್ಲೇ ಮಾಡಿದ ಮೂಲೆಯಲ್ಲೂ ಅವು ಹೋಗಲಿಲ್ಲ.


ಉಡುಪಿ_ಮಳೆಗಾಲ:

ಸ್ಪ್ರೇ ವ್ಯಾಕ್ಸ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಕರಾವಳಿಯಲ್ಲಿ ಇದೇ ಗೊಂದಲ ಮಳೆಗಾಲದ ಮುಂಚೆ ಪ್ರತಿವರ್ಷ ಕೇಳಿಬರುತ್ತದೆ. ನೀವು ನೋಡುತ್ತಿರುವ ಹನಿಗಳು ಹಳೆಯ ವ್ಯಾಕ್ಸಿನವಲ್ಲ. ಸ್ಪ್ರೇ ವ್ಯಾಕ್ಸ್‌ನಲ್ಲಿರುವ ಮೇಣ ಮತ್ತು ಸಿಲಿಕೋನ್ ಎಣ್ಣೆ ಉಜ್ಜುವಾಗಲೇ ಬಣ್ಣದ ಮೇಲೆ ಹರಡಿಕೊಂಡಿದೆ, ನೀರು ಅದರ ಮೇಲೆ ಹನಿಗಟ್ಟುತ್ತಿದೆ. ಒಂದೆರಡು ಬಾರಿ ಶಾಂಪೂ ಹಾಕಿ ತೊಳೆದರೆ ಅದು ಬಹುಪಾಲು ಹೋಗಿಬಿಡುತ್ತದೆ. ಹನಿಗಟ್ಟುವುದೆಂದರೆ ನೀರಿಗೂ ಮೇಲ್ಮೈಗೂ ನಡುವಿನ ಸ್ಪರ್ಶಕೋನ ದೊಡ್ಡದಾಗಿದೆ ಎಂದಷ್ಟೇ ಅರ್ಥ. ಆ ಕೋನವನ್ನು ದೊಡ್ಡದು ಮಾಡಲು ಅತ್ಯಲ್ಪ ಎಣ್ಣೆಯೂ ಸಾಕು, ಅದನ್ನು ಕುಗ್ಗಿಸಲು ಅತ್ಯಲ್ಪ ಕೊಳೆಯೂ ಸಾಕು. ಹನಿಯನ್ನು ನೋಡಿ ಪದರದ ಆಯುಷ್ಯವನ್ನು ಹೇಳಲು ಬರುವುದಿಲ್ಲ.

ನಿಮ್ಮ ರೂಫಿನಲ್ಲಿ ನಡೆದದ್ದು ಇದರ ಮತ್ತೊಂದು ಮುಖ. ಅಲ್ಲಿ ವ್ಯಾಕ್ಸ್ ಹೋಗಿರಲಿಲ್ಲ, ಅದರ ಮೇಲೆ ಕೊಳೆ ಮುಚ್ಚಿಕೊಂಡಿತ್ತು. ಕೊಳೆ ಹೋದ ಕೂಡಲೇ ಕೆಳಗಿದ್ದ ವ್ಯಾಕ್ಸ್ ಮತ್ತೆ ಕೆಲಸಕ್ಕೆ ಬಂದಿತು. ಇಂತಹ ಜಾಗಕ್ಕೆ ಕ್ಲೇ ಮಾಡಿದರೆ ಚೆನ್ನಾಗಿರುವ ಪದರವನ್ನು ಕೈಯಾರೆ ತೆಗೆದಂತಾಗುತ್ತದೆ. ನೀರು ಚಪ್ಪಟೆಯಾಗಿ ನಿಂತರೆ ಕೂಡಲೇ ವ್ಯಾಕ್ಸ್ ಸತ್ತಿತು ಎಂದು ತೀರ್ಮಾನಿಸಿ ಕ್ಲೇ ಹಿಡಿಯುವವರು ನಮ್ಮಲ್ಲಿ ಬಹಳ. ಮೊದಲು ಸರಿಯಾಗಿ ತೊಳೆದು, ಐರನ್ ರಿಮೂವರ್ ಹಾಕಿ, ಮತ್ತೆ ನೀರು ಸುರಿದು ನೋಡುವ ತಾಳ್ಮೆ ಇದ್ದರೆ ಅವರ ಕಾರಿನ ಅರ್ಧ ಭಾಗಕ್ಕೆ ಕ್ಲೇ ಬೇಕಾಗಿಯೇ ಇರುವುದಿಲ್ಲ.

ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯೇ 3,000 ಮಿಲಿಮೀಟರಿಗಿಂತ ಹೆಚ್ಚು. ಹೀಗಾಗಿ ನಾನು ಕ್ಲೇ ಮಾಡುವುದು ವರ್ಷಕ್ಕೆ ಒಮ್ಮೆ, ಮೇ ತಿಂಗಳ ಕೊನೆಯಲ್ಲಿ, ಅದೂ ತರಿಯಿರುವ ಭಾಗಗಳಿಗೆ ಮಾತ್ರ; ಅದರ ಬೆನ್ನಿಗೇ ಪಾಲಿಮರ್ ಸೀಲೆಂಟ್ ಹಚ್ಚುತ್ತೇನೆ. ಮಳೆಗಾಲವಿಡೀ ಕಾರ್ನೌಬಾ ಒಂದನ್ನೇ ನಂಬಿ ಕೂರುವುದು ನಮ್ಮಲ್ಲಿ ಸಾಧ್ಯವಿಲ್ಲ. ಸೀಲೆಂಟ್ ನಾಲ್ಕರಿಂದ ಆರು ತಿಂಗಳು ಬರುತ್ತದೆ. ನಿಮ್ಮೂರಿನಲ್ಲಿ ಮಳೆಗಿಂತ ಬಿಸಿಲೂ ಧೂಳೂ ಮುಖ್ಯವಾದುದರಿಂದ ಬೇಸಿಗೆ ಏರುವ ಮುಂಚೆ, ಫೆಬ್ರವರಿಯ ಹೊತ್ತಿಗೆ ಮಾಡಿಕೊಳ್ಳುವುದು ಸೂಕ್ತವೆಂದು ತೋರುತ್ತದೆ.

ಜಾರುದ್ರವಕ್ಕೆ ಸ್ಪ್ರೇ ವ್ಯಾಕ್ಸ್ ಬಳಸುವುದರಿಂದ ಬಣ್ಣಕ್ಕೆ ತೊಂದರೆಯಾಗುವುದಿಲ್ಲ, ಆದರೆ ಆಮೇಲೆ ಹಚ್ಚುವ ಪದರಕ್ಕೆ ಅದು ಅಡ್ಡ ಬರುತ್ತದೆ. ವ್ಯಾಕ್ಸ್ ಇಲ್ಲದ ಸಾದಾ ಕಾರ್ ಶಾಂಪೂವನ್ನು ನೀರಿನಲ್ಲಿ ಕಲಸಿ ಸ್ಪ್ರೇ ಬಾಟಲಿಗೆ ತುಂಬಿಕೊಂಡರೆ ಸಾಕು, ಖರ್ಚೂ ಕಡಿಮೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ; ಜಿಡ್ಡು ತೆಗೆಯಲೆಂದೇ ಮಾಡಿದ ಅದರಲ್ಲಿ ಜಾರು ಗುಣ ಸಾಲದು, ರಬ್ಬರ್ ಬೀಡಿಂಗುಗಳಿಗೂ ಒಳ್ಳೆಯದಲ್ಲ.


ಹೊಳಪು_ಬೆಂಗಳೂರು:

ಉಡುಪಿಯವರು ರೂಫಿನ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ, ಹುಬ್ಬಳ್ಳಿಯವರ ತಿದ್ದುಪಡಿಯನ್ನೂ ಒಪ್ಪುತ್ತೇನೆ. ನಾನು ಕಾರ್ನೌಬಾವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ಸೆರಾಮಿಕ್ ಕೋಟಿಂಗ್ ಇರುವವರು ಕ್ಲೇಯನ್ನು ಕಟ್ಟಕಡೆಯ ಉಪಾಯವಾಗಿ ಇಟ್ಟುಕೊಳ್ಳಬೇಕು, ಐರನ್ ರಿಮೂವರ್ ಮತ್ತು ಒಳ್ಳೆಯ ಶಾಂಪೂವಿನಲ್ಲೇ ಆದಷ್ಟು ಕೆಲಸ ಮುಗಿಸಬೇಕು.

ಈಗ ನಿಮ್ಮ ಬಾನೆಟ್. ಒಂದು ಮೂಲೆ ಕ್ಲೇ ಆಗಿದೆ, ಉಳಿದದ್ದು ತರಿಯಾಗಿದೆ, ವ್ಯಾಕ್ಸ್ ಎಲ್ಲಿಯೂ ನೆಟ್ಟಗಿಲ್ಲ. ಆದ್ದರಿಂದ ಇಡೀ ಬಾನೆಟ್ಟಿಗೆ ಶಾಂಪೂ ನೀರಿನೊಂದಿಗೆ ಕ್ಲೇ ಮುಗಿಸಿ, ಮತ್ತೆ ತೊಳೆದು ಒಣಗಿಸಿ. ಅನಂತರ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೀರಿನಲ್ಲಿ ಶೇ 15ರಷ್ಟಕ್ಕೆ ತೆಳುಮಾಡಿ, ಮೈಕ್ರೊಫೈಬರ್ ಬಟ್ಟೆಯಿಂದ ಒಮ್ಮೆ ಒರೆಸಿ. ಸ್ಪ್ರೇ ವ್ಯಾಕ್ಸಿನ ಎಣ್ಣೆಯ ಅಂಶ ಇದರಿಂದ ಬಹಳಮಟ್ಟಿಗೆ ಬಿಡುತ್ತದೆ. ಆಗ ನೀರು ಸುರಿದು ನೋಡಿದರೆ ಬಾನೆಟ್ ಮೇಲೆ ಅದು ಹನಿಗಟ್ಟದೆ ಹಾಳೆಯಂತೆ ಹರಡಿಕೊಳ್ಳಬೇಕು. ಅದನ್ನು ಕಂಡು ಗಾಬರಿಯಾಗಬೇಡಿ. ಹೊಸ ವ್ಯಾಕ್ಸಿಗೆ ಬೇಕಾದ ಸ್ಥಿತಿ ಅದೇ. ಮತ್ತೆ ಒರೆಸಿ, ಪೂರ್ತಿ ಆರಿದ ಮೇಲೆ ವ್ಯಾಕ್ಸನ್ನು ಆದಷ್ಟು ತೆಳುವಾಗಿ ಹಚ್ಚಿ, ಬೆರಳಲ್ಲಿ ಗೀಚಿದರೆ ಪುಡಿಯಾಗಿ ಬಿಡುವ ಹದಕ್ಕೆ ಬಂದಾಗ ಒರೆಸಿ ತೆಗೆಯಿರಿ. ದಪ್ಪವಾಗಿ ಬಳಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ಒರೆಸುವಾಗ ತೋಳು ನೋಯುತ್ತದೆ, ಅಷ್ಟೇ. ಎರಡನೆಯ ತೆಳು ಪದರವನ್ನು ಮರುದಿನ ಹಚ್ಚಿದರೆ ಮೊದಲ ಬಾರಿ ಬಿಟ್ಟುಹೋದ ಜಾಗಗಳೂ ಮುಚ್ಚುತ್ತವೆ. ರೂಫಿಗೂ ಬಾಗಿಲುಗಳಿಗೂ ಕ್ಲೇ ಇಲ್ಲದೆಯೇ, ತೊಳೆದ ಬಣ್ಣದ ಮೇಲೆ ಅದೇ ವ್ಯಾಕ್ಸಿನ ಒಂದು ತೆಳು ಪದರ ಸಾಕು; ಹಳೆಯದೂ ಹೊಸದೂ ಒಂದೇ ಜಾತಿಯಾದುದರಿಂದ ತೊಂದರೆಯಿಲ್ಲ. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ವ್ಯಾಕ್ಸ್ ತಾಗದಂತೆ ಟೇಪ್ ಅಂಟಿಸಿಕೊಳ್ಳಿ, ಅಲ್ಲಿ ಬಿಳಿಯಾಗಿ ಉಳಿದರೆ ತೆಗೆಯುವುದು ಕಷ್ಟ.

ಬೋರ್‌ವೆಲ್ ನೀರಿನ ಉಂಗುರಗಳು ಕ್ಲೇಯಿಂದ ಹೋಗದಿರುವುದು ಸಹಜ. ಅವು ನೀರು ಆರಿದಾಗ ಉಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಬಣ್ಣಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುವ ಇವುಗಳ ಮೇಲೆ ಕ್ಲೇ ಜಾರಿ ಹೋಗುತ್ತದೆ, ಹೆಚ್ಚು ಒತ್ತಿದರೆ ಗೀರು ಬೀಳುತ್ತದೆಯೇ ಹೊರತು ಉಂಗುರ ಬಿಡುವುದಿಲ್ಲ. ಬಿಳಿ ವಿನೆಗರಿಗೆ ಸಮಪಾಲು ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ, ತಣ್ಣಗಿರುವ ಬಾನೆಟ್ಟಿನ ಮೇಲೆ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ಆಮ್ಲ ಲವಣವನ್ನು ಕರಗಿಸುತ್ತದೆ, ಜೊತೆಗೆ ವ್ಯಾಕ್ಸನ್ನೂ ಕುಗ್ಗಿಸುತ್ತದೆ. ಆದ್ದರಿಂದ ಇದನ್ನು ಕ್ಲೇಗಿಂತ ಮುಂಚೆ ಮುಗಿಸಿಕೊಳ್ಳಿ, ಹೊಸ ವ್ಯಾಕ್ಸ್ ಹಚ್ಚಿದ ಮೇಲಲ್ಲ. ಲವಣ ಹೋದ ಮೇಲೂ ಉಂಗುರದ ಗುರುತು ಕಂಡರೆ ಅದು ಕ್ಲಿಯರ್ ಕೋಟನ್ನು ಕೊರೆದಿದೆ ಎಂದರ್ಥ. ಆ ಜಾಗಕ್ಕೆ ಕೈಯಿಂದ ಫಿನಿಶಿಂಗ್ ಪಾಲಿಶ್ ಹಾಕಿ ನೋಡಬಹುದು, ಪೂರ್ತಿ ಹೋಗದಿದ್ದರೆ ಅಲ್ಲಿಗೇ ಬಿಡುವುದು ಒಳ್ಳೆಯದು.

ಮುಂದೆ ಮತ್ತೆ ಯಾವಾಗ ಕ್ಲೇ ಮಾಡಬೇಕೆಂಬುದಕ್ಕೆ ತಿಂಗಳ ಲೆಕ್ಕ ಇಟ್ಟುಕೊಳ್ಳಬೇಡಿ. ರೈಲು ಹಳಿಯ ಪಕ್ಕ ನಿಲ್ಲುವ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ ಐರನ್ ರಿಮೂವರ್ ಹಾಕಿದರೆ ಕಣಗಳು ಬೇರೂರುವ ಮುಂಚೆಯೇ ಕರಗುತ್ತವೆ. ಅದು ವ್ಯಾಕ್ಸನ್ನು ಸ್ವಲ್ಪ ಮಟ್ಟಿಗೆ ಕುಗ್ಗಿಸಬಹುದು, ಆದರೆ ಕ್ಲೇಯಷ್ಟು ಅಲ್ಲ. ಅದರ ಮೇಲೆ ನಿಮ್ಮಲ್ಲಿರುವ ಸ್ಪ್ರೇ ವ್ಯಾಕ್ಸನ್ನು ಒಮ್ಮೆ ಒರೆಸಿಕೊಂಡರೆ ಆ ಕೊರತೆ ತುಂಬುತ್ತದೆ. ಹೀಗೆ ನೋಡಿಕೊಂಡರೆ ಬಾನೆಟ್ಟಿಗೆ ವರ್ಷಕ್ಕೊಮ್ಮೆಗಿಂತ ಹೆಚ್ಚು ಕ್ಲೇ ಬೇಕಾಗುವುದು ಅಪರೂಪ. ನೆರೆಮನೆಯವರ ಬಿಳಿ ಕಾರಿನ ಚುಕ್ಕೆಗಳಿಗೂ ಮೊದಲು ಐರನ್ ರಿಮೂವರ್ ಹಾಕಿ ನೋಡಲು ಹೇಳಿ. ಬಿಳಿ ಬಣ್ಣದ ಮೇಲೆ ನೇರಳೆ ಗೆರೆ ಇಳಿಯುವುದು ಸ್ಪಷ್ಟವಾಗಿ ಕಾಣುವುದರಿಂದ, ಎಲ್ಲಿ ಇನ್ನೊಂದು ಸಲ ಬೇಕು, ಎಲ್ಲಿ ಬೇಡ ಎಂಬುದನ್ನು ಅವರು ಸುಲಭವಾಗಿ ನಿರ್ಧರಿಸಬಹುದು.